ಹುಳಿಯಿಲ್ಲದ ನಿಂಬೆ

ತೀರ್ಥಹಳ್ಳಿಯಿಂದ ಬ್ರಿಸ್ಬೇನಿಗೆ ಬಂದಿದ್ದ ದೊಡ್ಡಮ್ಮ ಒಲೆಯ ಪಕ್ಕದಲ್ಲೇ ನಿಂತಿದ್ದರು. ಹಾಲು ಉಕ್ಕಿ ಬಂದ ಕೂಡಲೇ ಒಲೆ ಆರಿಸಿ, ಹಿತ್ತಲಿನಿಂದ ಆಗಷ್ಟೇ ಕಿತ್ತು ತಂದಿದ್ದ ಮೂರು ಎಲೆಗಳನ್ನು ಪರಪರ ಹರಿದೆ. ಅಡುಗೆಮನೆಯೆಲ್ಲ ನಿಂಬೆಯ ಘಮ. ದೊಡ್ಡಮ್ಮ ನನ್ನ ಕೈ ಹಿಡಿದೇಬಿಟ್ಟರು. “ಹಾಲಿಗೆ ಹಾಕ್ತೀಯಲ್ಲೇ ಮಾರಾಯ್ತಿ, ಒಡೆದು ಹೋಗ್ತದೆ!”

ಎಲೆ ಹಾಲಿಗೆ ಬಿತ್ತು. ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟೆ. ಆಮೇಲೆ ಸೋಸಿ, ಚೂರು ಕಲ್ಲುಸಕ್ಕರೆ ಕದಡಿ ಲೋಟವನ್ನು ಅವರ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಹಾಲು ಹಾಲಾಗಿಯೇ ಇತ್ತು. ಇನ್ನೊಂದು ಗುಟುಕು ಕುಡಿದು ಕೇಳಿದರು, “ಹುಳಿ ಎಲ್ಲಿ ಹೋಯ್ತು?”

ಈ ವಾರದ ಅಂಕಣಕ್ಕೆ ಆ ಪ್ರಶ್ನೆಯೇ ಸಾಕು. ಹಾಲಿಗೆ ಹುಳಿ ಹಿಂಡುವುದೆಂದರೆ ನಮ್ಮ ಮಾತಿನಲ್ಲಿ ಚೆನ್ನಾಗಿದ್ದದ್ದನ್ನು ಕೆಡಿಸುವುದು. ನಿಂಬೆಯ ಪರಿಮಳ ಬೇಕೆಂದರೆ ಹುಳಿಯನ್ನೂ ಒಪ್ಪಿಕೊಳ್ಳಬೇಕು, ಹುಳಿ ಬಂದರೆ ಹಾಲನ್ನು ಮರೆಯಬೇಕು ಎಂದು ನಾವೆಲ್ಲ ನಂಬಿದ್ದೇವೆ. ಲೆಮನ್ ಮರ್ಟಲ್ ಎಂಬ ಈ ಆಸ್ಟ್ರೇಲಿಯಾದ ಎಲೆಯಲ್ಲಿ ಪರಿಮಳ ಉಂಟು, ಹುಳಿ ಇಲ್ಲ. ಇದರಿಂದ ಮನೆಯಲ್ಲಿ ಏನೇ ಪಾನೀಯ ಮಾಡುವುದಿದ್ದರೂ ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಣ್ಣು ಹಿಂಡುವವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೇಸರಿಯನ್ನೋ ಪಚ್ಚಕರ್ಪೂರವನ್ನೋ ಬಳಸುವವರ ಕೈ ಬೇಕು.

ಮರದ ಊರು ಕ್ವೀನ್ಸ್‌ಲ್ಯಾಂಡ್ ರಾಜ್ಯ. ಮೆಕಾಯ್‌ನಿಂದ ಬ್ರಿಸ್ಬೇನ್‌ವರೆಗಿನ ಕರಾವಳಿ ಸೀಮೆಯ ಮಳೆಕಾಡು ಇದರ ತವರು. ಆ ಕಾಡಿನ ಮೂಲನಿವಾಸಿಗಳು ಇದನ್ನು ಅಡುಗೆಗೂ ಮದ್ದಿಗೂ ಬಹಳ ಹಿಂದಿನಿಂದ ಬಳಸುತ್ತ ಬಂದವರು. ಸಸ್ಯಶಾಸ್ತ್ರದ ಹೆಸರು ಬ್ಯಾಕ್‌ಹೌಸಿಯಾ ಸಿಟ್ರಿಯೊಡೋರಾ. ಮೊದಲ ಭಾಗ 1830ರ ದಶಕದಲ್ಲಿ ಆಸ್ಟ್ರೇಲಿಯಾ ಸುತ್ತಿದ ಇಂಗ್ಲೆಂಡಿನ ಸಸ್ಯಪ್ರೇಮಿ ಜೇಮ್ಸ್ ಬ್ಯಾಕ್‌ಹೌಸ್ ಅವರಿಂದ ಬಂದದ್ದು. ಎರಡನೆಯದಕ್ಕೆ ನಿಂಬೆಯ ವಾಸನೆಯದು ಎಂದು ಅರ್ಥ. ಮಿರ್ಟೇಸಿ ಕುಟುಂಬದ ಮರ ಇದು. ಅಂದರೆ ನಮ್ಮ ನೇರಳೆ, ಸೀಬೆ, ಲವಂಗ, ನೀಲಗಿರಿಯೆಲ್ಲ ಇದಕ್ಕೆ ನೆಂಟರು. ಈ ನೆಂಟಸ್ತಿಕೆಯ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಪರಿಮಳದ ಮೂಲ ಸಿಟ್ರಾಲ್. 1888ರಲ್ಲಿ ಜರ್ಮನಿಯ ಬರ್ಟ್ರಾಮ್ ಇದೇ ಎಲೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಿದರು. ಈ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸಿಟ್ರಾಲೇ. ಮಲೆನಾಡಿನಲ್ಲಿ ಕಷಾಯಕ್ಕೆ ಹಾಕುವ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಾಮಾನ್ಯವಾಗಿ 65ರಿಂದ 85. ನಿಂಬೆಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಂತೂ ಕೆಲವೇ ಪಾಲು, ಉಳಿದದ್ದರಲ್ಲಿ ಬಹುಭಾಗ ಲಿಮೊನೀನ್. ಆದ್ದರಿಂದಲೇ ಲೆಮನ್ ಮರ್ಟಲ್ ಮೂಸಿದವರು ‘ನಿಂಬೆಗಿಂತಲೂ ನಿಂಬೆ’ ಎನ್ನುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ನಿಂಬೆಯ ಸತ್ವ ಸಿಗದೆ ಹೋದಾಗ ಆಸ್ಟ್ರೇಲಿಯಾದಲ್ಲಿ ತಂಪು ಪಾನೀಯದ ರುಚಿಗೆ ಈ ಎಣ್ಣೆಯೇ ಒದಗಿತ್ತು. ತೋಟ ಮಾಡಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಶುರುವಾದದ್ದು ಮಾತ್ರ 1990ರ ದಶಕದಲ್ಲಿ.

ಎಲೆ ಬೆರಳುದ್ದ, ಮಾವಿನ ಚಿಗುರಿನ ಆಕಾರ, ಮೇಲೆ ಹೊಳಪು. ಬೆಳಕಿಗೆ ಹಿಡಿದರೆ ಸೂಜಿಮೊನೆಯಂಥ ಎಣ್ಣೆಯ ಚುಕ್ಕೆಗಳು ಕಾಣುತ್ತವೆ. ಹರಿದಾಗ ಅವು ಒಡೆಯುತ್ತವೆ, ಘಮ ಹೊರಬೀಳುತ್ತದೆ. ಹಾಗಾಗಿ ಎಲೆಯನ್ನು ಇಡಿಯಾಗಿ ಹಾಕಬಾರದು, ಹರಿದು ಹಾಕಬೇಕು. ಹರಿದದ್ದನ್ನು ಹಾಗೇ ಇಡಲೂಬಾರದು. ಬಿಸಿನೀರು ತಯಾರಾದ ಮೇಲೆಯೇ ಎಲೆಗೆ ಕೈ ಹಚ್ಚಿ.

ಕಷಾಯದ ಅಭ್ಯಾಸವಿರುವ ನಮಗೆ ಇಲ್ಲೊಂದು ತೊಡಕಿದೆ. ಮೊದಲ ಸಲ ನಾನು ಮಜ್ಜಿಗೆ ಹುಲ್ಲನ್ನು ಕುದಿಸಿದ ಹಾಗೆಯೇ ಇದನ್ನೂ ಹತ್ತು ನಿಮಿಷ ಕುದಿಸಿದೆ. ಬಂದದ್ದು ಸೋಪಿನ ವಾಸನೆ, ನಾಲಿಗೆಯ ತುದಿಯಲ್ಲಿ ನೀಲಗಿರಿ ಎಣ್ಣೆಯ ಘಾಟು. ಕುದಿಯುತ್ತ ಹೋದಂತೆ ನಿಂಬೆಯ ಘಮ ಆವಿಯಾಗಿ ಹಾರಿಹೋಗುತ್ತದೆ, ಒರಟು ಮಾತ್ರ ಪಾತ್ರೆಯಲ್ಲಿ ಉಳಿಯುತ್ತದೆ. ಅಂದಿನಿಂದ ಒಂದೇ ನಿಯಮ: ಒಲೆ ಆರಿದ ಮೇಲೆಯೇ ಎಲೆ, ಎಲೆ ಬಿದ್ದ ಕೂಡಲೇ ಮುಚ್ಚಳ. ಒಂದು ದೊಡ್ಡ ಲೋಟ ನೀರಿಗೆ, ಎಂದರೆ 250 ಮಿಲಿಲೀಟರಿಗೆ, ಮೂರು ಒಣ ಎಲೆ ಅಥವಾ ನಾಲ್ಕು ಹಸಿ ಎಲೆ. ನಾಲ್ಕು ನಿಮಿಷ ಸಾಕು, ಐದಕ್ಕೆ ಸೋಸಲೇಬೇಕು. ಮುಚ್ಚಳ ತೆಗೆದಾಗ ಅದರ ಒಳಮೈಯ ಹನಿಗಳನ್ನು ಲೋಟಕ್ಕೇ ಕೊಡವಿ. ಘಮದ ಒಂದು ಪಾಲು ಅಲ್ಲಿ ಕೂತಿರುತ್ತದೆ.

ಚಹಾ ಪ್ರಿಯರಿಗೆ ನನ್ನ ಸಲಹೆ, ನೀಲಗಿರಿ ಬೆಟ್ಟಗಳ ಚಹಾ. ಅದು ಹಗುರ, ಅದರದೇ ಒಂದು ಹೂವಿನ ಪರಿಮಳವುಂಟು, ಎಲೆಯ ಜೊತೆ ಹೊಂದಿಕೊಳ್ಳುತ್ತದೆ. ಅಸ್ಸಾಮಿನ ಕಡು ಪುಡಿ ಎಲೆಯನ್ನು ತುಳಿದುಬಿಡುತ್ತದೆ. ಇನ್ನು ಫಿಲ್ಟರ್ ಕಾಫಿಯ ಡಿಕಾಕ್ಷನ್ನಿಗೆ ಇದನ್ನು ಸೇರಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ, ಎರಡೂ ಕೆಡುತ್ತವೆ.

ಹಾಲಿನ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಈ ಎಲೆಯ ಅತ್ಯುತ್ತಮ ಪಾನೀಯ ಹಾಲೇ. ಸಿಟ್ರಾಲ್ ಎಣ್ಣೆಯ ಜಾತಿಯದು. ನೀರಿನಲ್ಲಿ ಅದು ಅಷ್ಟಾಗಿ ಕರಗದು, ಕೊಬ್ಬಿನಲ್ಲಿ ಸಲೀಸಾಗಿ ಸೇರುತ್ತದೆ. ಕೆನೆ ತೆಗೆಯದ ಗಟ್ಟಿ ಹಾಲಿನಲ್ಲಿ ಘಮ ದುಂಡಗೆ ಬರುತ್ತದೆ, ನಾಲಿಗೆಯ ಮೇಲೆ ಹೊತ್ತು ನಿಲ್ಲುತ್ತದೆ, ಒರಟು ಕಾಣುವುದೇ ಇಲ್ಲ. ಕೆನೆ ತೆಗೆದ ಹಾಲಿನಲ್ಲಿ ಮಾಡಿ ನೋಡಿದ್ದೇನೆ, ಪೇಲವ. ಎರಡು ಲೋಟ ಹಾಲಿಗೆ ನಾಲ್ಕು ಹಸಿ ಎಲೆ, ಮೇಲೆ ಹೇಳಿದ ಹಾಗೆ ಒಲೆ ಆರಿಸಿ ಹಾಕಿದರೆ ಸಾಕು. ಬಾದಾಮಿ ಹಾಲಿಗೆ ಕೇಸರಿಯ ಬದಲು ಇದನ್ನು ಒಮ್ಮೆ ಬಳಸಿ ನೋಡಿ. ಫ್ರಿಜ್ಜಿನಲ್ಲಿ ಎರಡು ತಾಸು ಇಟ್ಟು ತಣ್ಣಗೆ ಕುಡಿದರೆ ಇನ್ನೂ ರುಚಿ. ದೊಡ್ಡಮ್ಮ ಇದ್ದ ಆರು ವಾರವೂ ರಾತ್ರಿ ಊಟದ ಮೇಲೆ ಇದೇ ಹಾಲು. ಎಲೆ ಹರಿಯುವ ಕೆಲಸ ಎರಡನೇ ವಾರದಿಂದ ಅವರದೇ ಆಯಿತು.

ಪಾನಕದ್ದು ಬೇರೆ ಕತೆ. ಇಲ್ಲಿ ರಾಮನವಮಿ ಬರುವುದು ಬೇಸಿಗೆ ಮುಗಿದು ಗಾಳಿ ತಂಪಾಗತೊಡಗಿದ ದಿನಗಳಲ್ಲಿ, ಆದರೂ ಬ್ರಿಸ್ಬೇನಿನ ಮಧ್ಯಾಹ್ನಗಳಿಗೆ ಪಾನಕ ಬೇಕೇ ಬೇಕು. ಒಂದು ಲೀಟರ್ ನೀರಿನಲ್ಲಿ ಎರಡು ಲೋಟದಷ್ಟನ್ನು ತೆಗೆದು ಕಾಯಿಸಿ, ಎಂಟು ಹಸಿ ಎಲೆ ಹರಿದು ಹಾಕಿ, ಐದು ನಿಮಿಷಕ್ಕೆ ಸೋಸಿ. ಉಳಿದ ತಣ್ಣೀರಿನಲ್ಲಿ ಬೆಲ್ಲ ಕರಗಿಸಿ ಇದನ್ನು ಕೂಡಿಸಿ. ಒಣಶುಂಠಿ ಇರಲಿ, ಎರಡು ಕಾಳುಮೆಣಸಿನ ಪುಡಿ ಇರಲಿ, ಚಿಟಿಕೆ ಉಪ್ಪಿರಲಿ. ಏಲಕ್ಕಿ ಬೇಡ. ಪಾನಕಕ್ಕೆ ಏಲಕ್ಕಿ ಬೇಡವೆನ್ನಲು ನನಗೂ ಮನಸ್ಸಾಗಲಿಲ್ಲ, ಮೂರು ವರ್ಷ ಹಾಕಿಯೇ ಮಾಡಿದೆ. ಎರಡು ಪರಿಮಳಗಳು ಒಂದನ್ನೊಂದು ಮೀರಿಸಲು ಹೋಗಿ ಬೆಲ್ಲದ ರುಚಿ ಸೊರಗುತ್ತದೆ.

ಪಾನಕಕ್ಕೆ ಹುಳಿ ಬೇಕಲ್ಲವೇ? ಬೇಕು. ನಿಂಬೆಯನ್ನು ಲೋಟಕ್ಕೇ ಹಿಂಡಿ, ಕುಡಿಯುವ ಹೊತ್ತಿಗೆ. ಕೊಳದಪ್ಪಲೆಗೆ ಹಿಂಡಿ ಇಡಬೇಡಿ. ಹುಳಿಯಲ್ಲಿ ಸಿಟ್ರಾಲ್ ಬಹಳ ದಿನ ಬಾಳುವುದಿಲ್ಲ, ಒಡೆದು ಬೇರೆ ವಸ್ತುಗಳಾಗುತ್ತದೆ, ಘಮ ಹೋಗಿ ಔಷಧದಂಥ ವಾಸನೆ ಬರುತ್ತದೆ. ಮನೆಯಲ್ಲಿ ಶರಬತ್ತಿನ ಪಾಕ ಮಾಡಿಡುವವರಿಗೂ ಇದೇ ಮಾತು. 250 ಗ್ರಾಂ ಸಕ್ಕರೆ, ಅಷ್ಟೇ ಮಿಲಿಲೀಟರ್ ನೀರು ಕಾಯಿಸಿ, ಸಕ್ಕರೆ ಕರಗಿದ ಕೂಡಲೇ ಇಳಿಸಿ, ಹದಿನೈದು ಹಸಿ ಎಲೆ ಹರಿದು ಹಾಕಿ ಮುಚ್ಚಿಡಿ. ತಣ್ಣಗಾದ ಮೇಲೆ ಸೋಸಿ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಹತ್ತು ದಿನದೊಳಗೆ ಮುಗಿಸಿ. ಎರಡು ಚಮಚ ಪಾಕ, ಸೋಡಾ, ಐಸು, ಆಮೇಲೆ ಅರ್ಧ ನಿಂಬೆ. ಕೊನೆಯಲ್ಲಿ ಹಿಂಡಿದ ಹಣ್ಣು ಹುಳಿ ಕೊಡುತ್ತದೆ, ಎಲೆ ಘಮ ಕೊಡುತ್ತದೆ.

ಮದ್ಯ ಸೇವಿಸುವ ಓದುಗರಿಗೆ ಒಂದು ಮಾತು. ಆಸ್ಟ್ರೇಲಿಯಾದ ಜಿನ್‌ಗಳಲ್ಲಿ ಈ ಎಲೆ ಈಗ ಮನೆಮಾತು. ವಿಕ್ಟೋರಿಯಾದ ಯಾರಾ ಕಣಿವೆಯ ಫೋರ್ ಪಿಲ್ಲರ್ಸ್‌ನವರ ರೇರ್ ಡ್ರೈ ಜಿನ್‌ನಲ್ಲಿ ಲೆಮನ್ ಮರ್ಟಲ್ ಮತ್ತು ಟ್ಯಾಸ್ಮೇನಿಯಾದ ಪೆಪ್ಪರ್‌ಬೆರಿ ಎರಡೂ ಇವೆ. ಮನೆಯಲ್ಲಿ ವೋಡ್ಕಾಕ್ಕೆ ಹಾಕುವುದಾದರೆ ತಾಸಿಗೊಮ್ಮೆ ರುಚಿ ನೋಡುತ್ತಿರಿ, ರಾತ್ರಿಯಿಡೀ ಬಿಡಬೇಡಿ. ಮದ್ಯ ಎಣ್ಣೆಯನ್ನು ಬೇಗ ಎಳೆದುಕೊಳ್ಳುತ್ತದೆ.

ಕೊಳ್ಳುವಾಗ ಪುಡಿ ಬೇಡ, ಇಡೀ ಒಣ ಎಲೆ ಕೊಳ್ಳಿ. ಪುಡಿಯಾದ ಎಲೆ ಡಬ್ಬಿ ತೆರೆದ ದಿನದಿಂದಲೇ ಘಮ ಕಳೆದುಕೊಳ್ಳುತ್ತದೆ. ಒಣಗಿದ್ದರೂ ಹಸಿರು ಬಣ್ಣ ಉಳಿದಿರಬೇಕು, ಕಂದಾಗಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಸುಗಂಧಕ್ಕೆಂದು ಮಾರುವ ಎಣ್ಣೆಯ ಸೀಸೆಯನ್ನು ಯಾವ ಕಾರಣಕ್ಕೂ ಪಾನೀಯಕ್ಕೆ ಹಾಕಬೇಡಿ. ಅಷ್ಟು ಗಟ್ಟಿ ಸಿಟ್ರಾಲ್ ಚರ್ಮವನ್ನೇ ಉರಿಸಬಲ್ಲದು. ಗಿಡ ಕೊಳ್ಳುವವರು ಚೀಟಿಯನ್ನು ಪೂರ್ತಿ ಓದಬೇಕು. ‘ಸಿಟ್ರಿಯೊಡೋರಾ’ ಎಂಬ ಬಾಲ ನೀಲಗಿರಿಯ ಹತ್ತಿರದ ಸಂಬಂಧಿಯೊಂದಕ್ಕೂ ಇದೆ, ಕೋರಿಂಬಿಯಾ ಸಿಟ್ರಿಯೊಡೋರಾ. ಅದರ ಎಲೆಯಲ್ಲಿರುವುದು ಸಿಟ್ರೊನೆಲಾಲ್, ಸೊಳ್ಳೆ ಓಡಿಸುವ ಎಣ್ಣೆಯ ವಾಸನೆ. ನರ್ಸರಿಯೊಂದರಲ್ಲಿ ನನಗೆ ಮೊದಲು ಕೊಟ್ಟದ್ದು ಅದನ್ನೇ. ಮನೆಗೆ ತಂದು ಎಲೆ ಹರಿದಾಗ ಗೊತ್ತಾಯಿತು.

ಈಗ ನೆಂಟಸ್ತಿಕೆಯ ವಿಷಯ. 2010ರ ಏಪ್ರಿಲ್‌ನಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮರ್ಟಲ್ ರಸ್ಟ್ ಎಂಬ ತುಕ್ಕುರೋಗ ಕಾಣಿಸಿಕೊಂಡಿತು. ಒಂದು ಶಿಲೀಂಧ್ರದ ಕೆಲಸ. ಎಳೆ ಚಿಗುರಿನ ಮೇಲೆ ಅರಿಸಿನ ಉದುರಿಸಿದಂಥ ಹಳದಿ ಪುಡಿ, ಆಮೇಲೆ ಚಿಗುರು ಸುರುಟಿ ಸಾಯುತ್ತದೆ. ಲೆಮನ್ ಮರ್ಟಲ್ ತೋಟಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ನನ್ನ ಹಿತ್ತಲಿನ ಮರದಲ್ಲೂ ಮಳೆ ಜೋರಾದ ವರ್ಷಗಳಲ್ಲಿ ಆ ಹಳದಿ ಕಂಡಿದ್ದೇನೆ. ಅಂಥ ಕೊಂಬೆಗಳನ್ನು ಕತ್ತರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಾಡುತ್ತೇನೆ. ಈ ಶಿಲೀಂಧ್ರವನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1884ರಲ್ಲಿ, ಬ್ರೆಜಿಲಿನ ಸೀಬೆ ಗಿಡದ ಮೇಲೆ. ಮಿರ್ಟೇಸಿ ಕುಟುಂಬದ ಯಾವ ಗಿಡಕ್ಕೂ ಇದು ಹಿತವಲ್ಲ. ಅದರ ಕಣಗಳು ಗಾಳಿಯಲ್ಲೂ ಬಟ್ಟೆಯಲ್ಲೂ ಸಾಗುತ್ತವೆ.

ಇಲ್ಲಿಂದ ರಜೆಗೆ ಊರಿಗೆ ಹೊರಟವರು ಅನೇಕರು “ಒಂದು ಗಿಡ ಒಯ್ಯಲಾ?” ಎಂದು ಕೇಳುತ್ತಾರೆ. ದೊಡ್ಡಮ್ಮನೂ ಕೇಳಿದ್ದರು, ತೀರ್ಥಹಳ್ಳಿಯ ಮಳೆಗೆ ಇದು ಚೆನ್ನಾಗಿಯೇ ಬರುತ್ತದೆ ಎಂದು ಅವರ ಅಂದಾಜು. ಬರಬಹುದು. ಆದರೆ ಅವರ ಅಂಗಳದಲ್ಲಿ ಎರಡು ಸೀಬೆ ಮರಗಳಿವೆ, ಗದ್ದೆಯ ಅಂಚಿನಲ್ಲಿ ನೇರಳೆಯಿದೆ. ಅನುಮತಿಯಿಲ್ಲದೆ ಗಿಡ, ಬೀಜ, ಹಸಿ ಕೊಂಬೆ ಯಾವುದನ್ನೂ ಒಯ್ಯಬೇಡಿ. ಅಂಗಡಿಯಲ್ಲಿ ಸಿಗುವ ಮೊಹರು ಹಾಕಿದ ಒಣ ಎಲೆಯ ಪೊಟ್ಟಣ ಕೊಂಡು, ವಿಮಾನ ನಿಲ್ದಾಣದಲ್ಲಿ ಹೇಳಿ ತೋರಿಸಿ ಒಯ್ಯಿರಿ. ಐವತ್ತು ಗ್ರಾಂ ಎಲೆ ಒಂದು ಮನೆಗೆ ತಿಂಗಳುಗಟ್ಟಲೆ ಸಾಕು.