ತೃತೀಯ ಭಾಷೆ ಮೊದಲು ಬಾಯಿಗೆ ಬರಲಿ

ನಮ್ಮ ಶಾಲೆಗಳಲ್ಲಿ ತೃತೀಯ ಭಾಷೆ ಆರನೇ ತರಗತಿಗೆ ಶುರುವಾಗಿ ಎಸ್ಸೆಸ್ಸೆಲ್ಸಿವರೆಗೆ ಐದು ವರ್ಷ ನಡೆಯುತ್ತದೆ. ಹೆಚ್ಚಿನ ಕಡೆ ಅದು ಹಿಂದಿ. ಕಡೂರು, ತರೀಕೆರೆ, ಅಜ್ಜಂಪುರದ ಪ್ರೌಢಶಾಲೆಗಳೂ ಇದಕ್ಕೆ ಹೊರತಲ್ಲ. ಐದು ವರ್ಷ ಓದಿ, ಒಳ್ಳೆಯ ಅಂಕ ತೆಗೆದ ಹುಡುಗನೂ ಬೀರೂರು ಜಂಕ್ಷನ್ನಿನಲ್ಲಿ ಉತ್ತರದ ಪ್ರಯಾಣಿಕನೊಬ್ಬ ಏನಾದರೂ ಕೇಳಿದರೆ ತಡವರಿಸುತ್ತಾನೆ. ಇದಕ್ಕೆ ದಡ್ಡತನ ಕಾರಣವಲ್ಲ, ಓದಿಸುವ ಕ್ರಮ ಕಾರಣ. ಹಿಂದಿಯನ್ನು ನಾವು ಸಮಾಜ ವಿಜ್ಞಾನದಂತೆ ಓದಿಸುತ್ತೇವೆ: ಗೈಡು ತೆರೆ, ಪ್ರಶ್ನೋತ್ತರ ಬರೆ, ಉರು ಹೊಡೆ. ಭಾಷೆಯ ತರಗತಿಯಲ್ಲಿ ಗೆಲ್ಲುವ ದಾರಿ ಬೇರೆ. ಅಲ್ಲಿ ಕಲಿಯಬೇಕಾದದ್ದು ಇಡೀ ವಾಕ್ಯ, ಅದೂ ಗಟ್ಟಿಯಾಗಿ ಬಾಯಿಬಿಟ್ಟು. ಅಂಕ ಅದರ ಹಿಂದೆ ತಾನಾಗಿ ಬರುತ್ತದೆ.

ಕನ್ನಡದ ಮಕ್ಕಳು ಎಲ್ಲಿ ಎಡವುತ್ತಾರೆಂದು ನೋಡಿದರೆ ಇದು ತಿಳಿಯುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಪುಸ್ತಕ, ರೊಟ್ಟಿ, ಅಳಿಲು ಎಲ್ಲವೂ ನಪುಂಸಕ. ಹಿಂದಿಯಲ್ಲಿ ನಪುಂಸಕವೇ ಇಲ್ಲ. ಪುಸ್ತಕ್ ಸ್ತ್ರೀಲಿಂಗ, ಘರ್ ಪುಲ್ಲಿಂಗ. ಹತ್ತನೇ ತರಗತಿಯ ಪಠ್ಯದಲ್ಲಿ ಬಂದಿರುವ ಮಹಾದೇವಿ ವರ್ಮಾ ಅವರ ‘ಗಿಲ್ಲೂ’ ಪಾಠವನ್ನೇ ತೆಗೆದುಕೊಳ್ಳಿ. ಅಳಿಲಿಗೆ ಹಿಂದಿಯಲ್ಲಿ ಗಿಲಹರಿ, ಅದು ಸ್ತ್ರೀಲಿಂಗ. ಆದರೆ ಲೇಖಕಿ ಸಾಕಿದ ಮರಿ ಗಿಲ್ಲೂ ಎಂಬ ಹೆಸರು ಪಡೆದೊಡನೆ ಕ್ರಿಯಾಪದ ಪುಲ್ಲಿಂಗಕ್ಕೆ ಹೊರಳುತ್ತದೆ. ಭೂತಕಾಲದ ‘ನೇ’ ಇನ್ನೂ ತೊಡಕು. ಹುಡುಗ ರೊಟ್ಟಿ ತಿಂದ ಎನ್ನಲು ‘ಲಡಕೇ ನೇ ರೋಟೀ ಖಾಯೀ’, ಹುಡುಗಿ ಮಾವಿನಹಣ್ಣು ತಿಂದಳು ಎನ್ನಲು ‘ಲಡಕೀ ನೇ ಆಮ್ ಖಾಯಾ’. ತಿಂದವರನ್ನು ಬಿಟ್ಟು ತಿಂದ ವಸ್ತುವಿನ ಬೆನ್ನು ಹತ್ತುವ ಈ ಕ್ರಿಯಾಪದವನ್ನು ನಿಯಮ ಬಾಯಿಪಾಠ ಮಾಡಿ ಹಿಡಿಯಲಾಗದು. ಮಾತಾಡುವ ಹೊತ್ತಿಗೆ ನಿಯಮ ನೆನಪಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಕಿವಿಯೇ ಸರಿತಪ್ಪು ಹೇಳಬೇಕು. ಚೀನೀ ಭಾಷೆ ಕಲಿಸುವ ಶಾಲೆಗಳಲ್ಲಿಯೂ ಇದೇ ಕಟ್ಟುನಿಟ್ಟು. ಅಲ್ಲಿ ‘ಮಾ’ ಎಂಬ ಒಂದೇ ಉಚ್ಚಾರ ದನಿಯ ಏರಿಳಿತ ಬದಲಾದಂತೆ ತಾಯಿಯೂ ಆಗುತ್ತದೆ, ಕುದುರೆಯೂ ಆಗುತ್ತದೆ. ಹಾಗಾಗಿ ದನಿಯನ್ನು ಬಿಟ್ಟು ಪದ ಕಲಿಯುವಂತಿಲ್ಲ. ನಮ್ಮ ಮಕ್ಕಳು ಹಿಂದಿಯಲ್ಲಿ ಪದದ ಜೊತೆಗೇ ಲಿಂಗ ಕಲಿಯಬೇಕು: ಬರೀ ‘ಪುಸ್ತಕ್’ ಬೇಡ, ‘ಮೇರೀ ಪುಸ್ತಕ್’ ಎನ್ನಲಿ.

ಇದಕ್ಕೆ ಮೊದಲ ಆಕ್ಷೇಪ, ‘ನಮ್ಮೂರಲ್ಲಿ ಹಿಂದಿ ಎಲ್ಲಿ ಕಿವಿಗೆ ಬೀಳುತ್ತದೆ?’ ಎಂಬುದು. ಬೀಳುತ್ತದೆ, ನಾವು ಗಮನಿಸುವುದಿಲ್ಲ ಅಷ್ಟೇ. ತರೀಕೆರೆ, ಕಡೂರಿನ ಪೇಟೆಗಳಲ್ಲಿ ದಖ್ಖನಿ ಉರ್ದು ಆಡುವ ಮನೆಗಳಿವೆ. ತಾಂಡಾಗಳಿಂದ ಬರುವ ಮಕ್ಕಳ ಲಂಬಾಣಿಯೂ ಹಿಂದಿಯ ದೂರದ ನಂಟು, ಅದರಲ್ಲಿಯೂ ವಸ್ತುಗಳಿಗೆ ಲಿಂಗವುಂಟು. ಬೇರೆ ತರಗತಿಗಳಲ್ಲಿ ಹಿಂದಿನ ಬೆಂಚಿಗೆ ಸರಿದ ಈ ಮಕ್ಕಳು ಹಿಂದಿ ತರಗತಿಯಲ್ಲಿ ಮುಂದಿರಬೇಕಾದವರು. ದಖ್ಖನಿಯಲ್ಲಿ ‘ನೇ’ ಹೆಚ್ಚಾಗಿ ಉದುರಿಹೋಗುವುದರಿಂದ ಪರೀಕ್ಷೆಗೆ ಅದೊಂದನ್ನು ತಿದ್ದಿಕೊಳ್ಳಬೇಕು, ನಿಜ. ಲಿಪಿಗಂತೂ ರೈಲ್ವೆ ನಿಲ್ದಾಣದ ಫಲಕವೇ ಸಾಕು. ಅಜ್ಜಂಪುರದ ಹೆಸರನ್ನು ಅಲ್ಲಿ ಹಿಂದಿಯವರು ‘ಅಜ್ಜಂಪುರ್’ ಎಂದು ಓದುತ್ತಾರೆ, ಕೊನೆಯ ಅಕಾರ ನುಂಗುತ್ತಾರೆ. ತರೀಕೆರೆಯ ‘ಕೆ’ಗೂ ‘ಕೇ’ಗೂ ಹಿಂದಿ ಬರವಣಿಗೆಯಲ್ಲಿ ಭೇದವಿಲ್ಲ. ಗೊತ್ತಿರುವ ಊರಿನ ಹೆಸರಿನಲ್ಲಿ ಕಲಿತ ಈ ಎರಡು ಸಂಗತಿ ಮರೆಯುವುದಿಲ್ಲ. ಮನೆಮಾತಲ್ಲದ ಭಾಷೆ ಎಲ್ಲಿಯವರೆಗೆ ಒಲಿಯಬಹುದು ಎಂಬುದಕ್ಕೆ ಸಾಕ್ಷಿಯೂ ಇಲ್ಲೇ ಇದೆ. ತರೀಕೆರೆ ತಾಲ್ಲೂಕಿನ ರಹಮತ್ ತರೀಕೆರೆ ಅವರ ಮನೆಮಾತು ಉರ್ದು; ಅವರ ಕನ್ನಡ ವಿಮರ್ಶಾ ಕೃತಿ ‘ಕತ್ತಿಯಂಚಿನ ದಾರಿ’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಸುತ್ತ ಕನ್ನಡ ತುಂಬಿತ್ತು, ನಮ್ಮ ಮಕ್ಕಳ ಸುತ್ತ ಹಿಂದಿ ಅಷ್ಟಿಲ್ಲ ಎನ್ನಬಹುದು. ಅದಕ್ಕೇ ಇರುವಷ್ಟನ್ನು ಹುಡುಕಿ ಬಳಸಬೇಕೆನ್ನುವುದು.

ಎರಡನೆಯ ಆಕ್ಷೇಪ ಗೈಡಿನ ಪರ: ಉರು ಹೊಡೆದರೂ ಅಂಕ ಬರುತ್ತದಲ್ಲ? ಪಾಠದ ಪ್ರಶ್ನೆಗಳಿಗೆ ಬರುತ್ತದೆ. ಆದರೆ ಓದಿರದ ಗದ್ಯಭಾಗ, ಅನುವಾದ, ಪತ್ರ, ಪ್ರಬಂಧ ಇವೂ ಪ್ರಶ್ನೆಪತ್ರಿಕೆಯಲ್ಲಿವೆ. ಅಲ್ಲಿ ಗೈಡು ಕೈಕೊಡುತ್ತದೆ. ಮೂರನೆಯ ಆಕ್ಷೇಪ ಇನ್ನೂ ತೂಕದ್ದು: ಹಿಂದಿಯೇ ಯಾಕೆ? ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ದ್ವಿಭಾಷಾ ನೀತಿಯನ್ನೇ ಶಿಫಾರಸು ಮಾಡಿದೆ. ಆ ಚರ್ಚೆ ನ್ಯಾಯವಾದದ್ದು, ನಡೆಯಲಿ. ಆದರೆ ವೇಳಾಪಟ್ಟಿಯಲ್ಲಿ ಹಿಂದಿ ಇರುವಷ್ಟು ದಿನ ಮಗುವಿನ ಐದು ವರ್ಷ ಹಾಳಾಗುವುದು ಯಾವ ಭಾಷಾಭಿಮಾನಕ್ಕೂ ಲಾಭವಲ್ಲ. ಹಿಂದಿಯ ಜಾಗಕ್ಕೆ ನಾಳೆ ಸಂಸ್ಕೃತವೋ ಚೀನಿಯೋ ಬಂದರೂ ಕಲಿಯುವ ಕ್ರಮ ಇದೇ.

ಹಾಗಾಗಿ ಪೋಷಕರಲ್ಲಿ, ಮೇಷ್ಟರಲ್ಲಿ ಒಂದೇ ಕೋರಿಕೆ. ಪರೀಕ್ಷೆಯ ಹಿಂದಿನ ವಾರದ ನಿದ್ದೆಗೆಡುವ ಓದಿಗಿಂತ ದಿನಾ ಹತ್ತು ನಿಮಿಷ ಮೇಲು. ಪಾಠದ ಒಂದು ಪುಟವನ್ನು ಮಗು ಗಟ್ಟಿಯಾಗಿ ಓದಲಿ, ಅದರಿಂದ ಐದು ವಾಕ್ಯ ಆರಿಸಿ ಪುಸ್ತಕ ಮುಚ್ಚಿ ಹೇಳಲಿ, ಆಮೇಲೆ ಬರೆದು ತಾನೇ ತಿದ್ದಿಕೊಳ್ಳಲಿ. ತಪ್ಪು ಲಿಂಗ ಬಂದಾಗ ನಗಬೇಡಿ, ಸರಿಯಾದ ವಾಕ್ಯವನ್ನು ಒಮ್ಮೆ ಹೇಳಿಕೊಡಿ. ನಗೆಗೆ ಹೆದರಿದ ಮಗು ಬಾಯಿ ಬಿಡುವುದಿಲ್ಲ, ಬಾಯಿ ಬಿಡದವರಿಗೆ ಭಾಷೆ ಬರುವುದಿಲ್ಲ.