ಬಂಧಿಸಿದವನ ಹೊಣೆ: ಮೃಗಾಲಯದ ಸಂತಾನನೀತಿಯ ಒಂದು ವಿಮರ್ಶೆ

ತ್ರಿಪುರಸುಂದರಿಯ ದೇವಾಲಯದಿಂದ ಹೆಸರಾದ ಮೂಗೂರು ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ಗ್ರಾಮ. ಈ ಸೀಮೆಯ ಜನರಿಗೆ ಚಿರತೆಯ ಪರಿಚಯ ಎರಡು ಬಗೆಯದು. ಶಾಲೆಯ ಪ್ರವಾಸದಲ್ಲಿ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಹೋದ ಮಗು ಅದನ್ನು ಸರಳುಗಳಾಚೆ ಕಾಣುತ್ತದೆ. ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೊರಟ ರೈತ ಅದರ ಹೆಜ್ಜೆಯನ್ನು ಬದುವಿನ ಮೇಲೆ ಕಾಣುತ್ತಾನೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಅಲ್ಪಾವಧಿಯಲ್ಲಿ ಇದೇ ತಾಲ್ಲೂಕಿನ ನಾಲ್ವರು ಚಿರತೆಗೆ ಬಲಿಯಾದರು. ಅರಣ್ಯ ಇಲಾಖೆ ಬೋನುಗಳನ್ನಿರಿಸಿತು, ಚಿರತೆಗಳು ಸೆರೆಯಾದವು, ಜನ ನಿಟ್ಟುಸಿರು ಬಿಟ್ಟರು. ಊರಿನ ಆತಂಕ ಅಲ್ಲಿಗೆ ಶಮನವಾಯಿತು. ಧರ್ಮಜಿಜ್ಞಾಸೆ ಮಾತ್ರ ಅಲ್ಲಿಂದಲೇ ಆರಂಭವಾಗುತ್ತದೆ. ಸೆರೆಯಾದ ಪ್ರಾಣಿ ಯಾವುದರ ಸಂಗಡ ಬಾಳಬೇಕು, ಯಾವುದರೊಡನೆ ಕೂಡಬೇಕು, ಮರಿಗಳನ್ನು ಪಡೆಯಬೇಕೆ ಬೇಡವೆ ಎಂಬುದೆಲ್ಲ ಇನ್ನು ಮುಂದೆ ಪ್ರಾಣಿಯ ಇಚ್ಛೆಗೆ ಸೇರಿದ್ದಲ್ಲ. ಅದನ್ನು ಮನುಷ್ಯನೇ ನಿರ್ಣಯಿಸಬೇಕು. ಆ ನಿರ್ಣಯಗಳ ಗುಣದೋಷಗಳನ್ನು ವಿವೇಚಿಸುವುದು ಅಗತ್ಯವಾಗಿದೆ.

ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೈಸೂರಿನ ಮೃಗಾಲಯವನ್ನು ಸ್ಥಾಪಿಸಿದಾಗ ಅದರ ಉದ್ದೇಶ ಪ್ರದರ್ಶನ ಮತ್ತು ವಿನೋದ. ಶತಮಾನ ಕಳೆಯುವಷ್ಟರಲ್ಲಿ ಆ ದೃಷ್ಟಿ ಬದಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಂದ ತಿದ್ದುಪಡಿಯ ಫಲವಾಗಿ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದಿತು. ಮೃಗಾಲಯಗಳ ಮಾನ್ಯತೆಗೆ ಸಂಬಂಧಿಸಿದ ನಿಯಮಗಳು ಅದೇ ವರ್ಷ ರೂಪುಗೊಂಡು 2009ರಲ್ಲಿ ಪರಿಷ್ಕೃತವಾದವು. 1998ರಲ್ಲಿ ರಾಷ್ಟ್ರೀಯ ಮೃಗಾಲಯ ನೀತಿ ಪ್ರಕಟವಾಯಿತು. ಇವುಗಳ ಸಾರ ಇಷ್ಟು: ಪ್ರಾಣಿಗಳನ್ನು ಅವುಗಳ ಸ್ವಭಾವಕ್ಕೊಪ್ಪುವ ಗುಂಪಿನಲ್ಲಿ ಇರಿಸಬೇಕು, ಅನಿವಾರ್ಯ ಕಾರಣವಿಲ್ಲದೆ ಒಂಟಿಯಾಗಿಡಬಾರದು, ಭಿನ್ನ ಜಾತಿಗಳ ಅಥವಾ ಒಂದೇ ಜಾತಿಯ ಭಿನ್ನ ತಳಿಗಳ ಸಂಕರಕ್ಕೆ ಎಡೆಗೊಡಬಾರದು, ಶೀಘ್ರವಾಗಿ ವೃದ್ಧಿಸುವ ಪ್ರಾಣಿಗಳಲ್ಲಿ ಗಂಡು ಹೆಣ್ಣುಗಳನ್ನು ಬೇರ್ಪಡಿಸಿಯೋ ಶಸ್ತ್ರಚಿಕಿತ್ಸೆಯಿಂದಲೋ ಸಂಖ್ಯೆಯನ್ನು ಮಿತಿಯಲ್ಲಿಡಬೇಕು.

ನಿಯಮ ಬರೆಯುವುದು ಸುಲಭ, ಆಚರಣೆ ಕಠಿಣ. ಪರಸ್ಪರ ಅಪರಿಚಿತವಾದ ಎರಡು ಹುಲಿಗಳನ್ನು ಒಮ್ಮೆಲೇ ಒಂದೇ ಆವರಣಕ್ಕೆ ಬಿಟ್ಟರೆ ಅದು ಮಿಲನವಾಗದೆ ಮರಣಾಂತಿಕ ಕಾಳಗವಾಗಬಹುದು. ಆದ್ದರಿಂದ ಅನುಭವಿಯಾದ ಪ್ರಾಣಿಪಾಲಕ ಮೊದಲು ಅವನ್ನು ಅಕ್ಕಪಕ್ಕದ ಕೋಣೆಗಳಲ್ಲಿರಿಸಿ ವಾಸನೆಯ ಪರಿಚಯ ಮಾಡಿಸುತ್ತಾನೆ. ಅನಂತರ ಜಾಲರಿಯ ನಡುವೆ ನೋಟದ ಪರಿಚಯ. ಹೆಣ್ಣು ಬೆದೆಗೆ ಬಂದುದನ್ನು ಅದರ ನಡೆನುಡಿಯಿಂದಲೇ ಅರಿತು, ಕೊನೆಗೆ ಬಾಗಿಲು ತೆರೆದು, ಮತ್ತೆ ಬೇರ್ಪಡಿಸಲು ಸಿದ್ಧನಾಗಿ ಕಾದಿರುತ್ತಾನೆ. ಒಂದು ಬಾಗಿಲಿನ ಅಗುಳಿಯ ವಿಷಯದಲ್ಲಿ ಅಜಾಗ್ರತೆಯಾದರೂ ಜೀವಹಾನಿ. ಶಾಸ್ತ್ರಕಾರರು ಪ್ರಮಾದವನ್ನೇ ಹಿಂಸೆಯ ಮೂಲವೆಂದು ಏಕೆ ಕರೆದರೆಂಬುದು ಇಂತಹ ಬಾಗಿಲಿನ ಮುಂದೆ ನಿಂತವನಿಗೆ ತಾನಾಗಿ ಅರ್ಥವಾಗುತ್ತದೆ.

ಅಹಿಂಸಾಣುವ್ರತಕ್ಕೆ ಹೇಳಲಾದ ಐದು ಅತಿಚಾರಗಳನ್ನು ಇಲ್ಲಿ ಸ್ಮರಿಸುವುದು ಉಚಿತ. ಬಂಧಿಸುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವುಗಳಲ್ಲಿ ಮೊದಲನೆಯದೇ ಬಂಧನ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ನಿಷಿದ್ಧವೆಂದು ಎಣಿಸಿದ ಹದಿನೈದು ಜೀವನೋಪಾಯಗಳಲ್ಲಿ ಪಶುಗಳ ಬೀಜ ಒಡೆಯುವ ವೃತ್ತಿಯೂ ಸೇರಿದೆ. ಈ ಅಳತೆಗೋಲನ್ನು ಅಕ್ಷರಶಃ ಹಿಡಿದರೆ ಮೃಗಾಲಯದ ಮಹಾದ್ವಾರವನ್ನೇ ಮುಚ್ಚಬೇಕಾದೀತು. ಆದರೆ ಈಗಾಗಲೇ ಬಂಧನದಲ್ಲಿ ಹುಟ್ಟಿ ಬೆಳೆದ ಹುಲಿಯನ್ನು ಕಾಡಿಗೆ ಬಿಡುವುದು ದಯೆಯಾಗದು. ಹೀಗಿರುವಾಗ ಬಂಧನದೊಳಗೆ ಕನಿಷ್ಠ ಹಿಂಸೆಯ ಮಾರ್ಗ ಯಾವುದೆಂಬುದೇ ಉಳಿಯುವ ಪ್ರಶ್ನೆ.

ಮೊದಲು ಬಿಳಿ ಹುಲಿಯ ವೃತ್ತಾಂತವನ್ನು ಪರಿಶೀಲಿಸಬಹುದು. 1951ರಲ್ಲಿ ರೀವಾದ ಕಾಡಿನಲ್ಲಿ ಮೋಹನ್ ಎಂಬ ಬಿಳಿ ಗಂಡುಮರಿ ಸೆರೆಸಿಕ್ಕಿತು. ಸಾಮಾನ್ಯ ವರ್ಣದ ಹೆಣ್ಣಿನೊಡನೆ ಕೂಡಿದಾಗ ಬಿಳಿಯ ಮರಿಗಳು ಹುಟ್ಟಲಿಲ್ಲ. ಆಗ ಅದನ್ನು ಅದರ ಮಗಳಾದ ರಾಧಾಳೊಡನೆಯೇ ಕೂಡಿಸಲಾಯಿತು. 1958ರಲ್ಲಿ ಬಿಳಿ ಮರಿಗಳಾದವು. ಬಣ್ಣವೊಂದನ್ನು ಉಳಿಸಿಕೊಳ್ಳಲು ಸಮೀಪ ಬಂಧುಗಳ ಕೂಡಿಕೆ ಅನಂತರವೂ ನಡೆಯಿತು. ಅದರ ಫಲವನ್ನು ಉಂಡವು ಮರಿಗಳು. ಬಿಳಿ ಹುಲಿಗಳಿಗೆ ಮಾಲುಗಣ್ಣು ವರ್ಣದೊಡನೆಯೇ ಅಂಟಿಬಂದ ದೋಷ. ನಿಕಟ ಕೂಡಿಕೆಯಿಂದ ಇತರ ದೌರ್ಬಲ್ಯಗಳೂ ಸೇರಿಕೊಂಡವು. ಮೈಸೂರೂ ಸೇರಿದಂತೆ ಹಲವು ಮೃಗಾಲಯಗಳಲ್ಲಿ ಬಿಳಿ ಹುಲಿಯ ಮುಂದೆ ಜನಸಂದಣಿ ಹೆಚ್ಚು. ಆ ಸಂದಣಿಯ ಕಣ್ಣಿನ ಹಬ್ಬಕ್ಕಾಗಿ ಒಂದು ಜೀವಿಯ ಕಣ್ಣೇ ಓರೆಯಾಯಿತೆಂಬುದನ್ನು ಬಲ್ಲವರು ವಿರಳ. ಅನುಭವಿಸುವವನ ಹಿತವನ್ನು ಕಡೆಗಣಿಸಿ ನೋಡುವವನ ಸುಖಕ್ಕಾಗಿ ಮಾಡಿಸಿದ ಇಂತಹ ಜನನ ಸಂರಕ್ಷಣೆಯ ಹೆಸರಿಗೆ ಅರ್ಹವಲ್ಲ.

ಎರಡನೆಯ ನಿದರ್ಶನ ಯುರೋಪಿನದು. 2014ರ ಫೆಬ್ರವರಿ 9ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ಮೃಗಾಲಯದಲ್ಲಿ ಮಾರಿಯಸ್ ಎಂಬ ಒಂದೂವರೆ ವರ್ಷದ ಆರೋಗ್ಯವಂತ ಜಿರಾಫೆಯನ್ನು ಕೊಲ್ಲಲಾಯಿತು. ಅದರ ವಂಶವಾಹಿಗಳು ತಳಿಸಂವರ್ಧನ ಕಾರ್ಯಕ್ರಮದಲ್ಲಿ ಈಗಾಗಲೇ ಸಾಕಷ್ಟಿವೆ ಎಂಬುದೇ ಅದರ ಅಪರಾಧ. ಪ್ರೇಕ್ಷಕರ ಎದುರು ಶವಚ್ಛೇದ ಮಾಡಿ ಮಾಂಸವನ್ನು ಸಿಂಹಗಳಿಗೆ ಹಾಕಲಾಯಿತು. ಮೃಗಾಲಯದ ಅಧಿಕಾರಿಗಳ ಪ್ರತಿವಾದ ತರ್ಕಹೀನವಾಗಿರಲಿಲ್ಲ: ಗರ್ಭನಿರೋಧಕಗಳು ದೇಹಕ್ಕೆ ಕೆಡುಕು ಮಾಡಬಲ್ಲವು, ಮರಿ ಹೆತ್ತು ಸಾಕುವುದು ಪ್ರಾಣಿಯ ಸಹಜ ಬಾಳಿನ ದೊಡ್ಡ ಭಾಗ, ಅದನ್ನು ತಪ್ಪಿಸುವುದಕ್ಕಿಂತ ಹೆಚ್ಚುವರಿಯನ್ನು ನೋವಿಲ್ಲದೆ ತೆಗೆಯುವುದು ಮೇಲು. ಈ ವಾದದಲ್ಲಿ ತಾಯಿಯ ಸುಖಕ್ಕೆ ಲೆಕ್ಕವಿದೆ, ಮಗನ ಪ್ರಾಣಕ್ಕಿಲ್ಲ. ಹುಟ್ಟಿಸುವಾಗಲೇ ಸ್ಥಳವಿಲ್ಲವೆಂದು ಬಲ್ಲವನು ಕೊಲ್ಲುವಾಗ ಅನಿವಾರ್ಯತೆಯ ಮಾತನಾಡುವಂತಿಲ್ಲ.

ಭಾರತದಲ್ಲಿ ನಡೆದ ಮತ್ತೊಂದು ಪ್ರಸಂಗವನ್ನು ಇದರೊಡನೆ ಹೋಲಿಸಬೇಕು. ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಏಷ್ಯಾದ ಸಿಂಹಗಳೂ ಸರ್ಕಸ್ಸಿನಿಂದ ಬಂದ ಆಫ್ರಿಕದ ಸಿಂಹಗಳೂ ಕೂಡಿ ಸಂಕರ ಸಂತತಿ ಬೆಳೆಯಿತು. ಮರಿಗಳು ದುರ್ಬಲವಾಗಿ ರೋಗಕ್ಕೆ ಸುಲಭವಾಗಿ ತುತ್ತಾದವು. ಪ್ರಾಧಿಕಾರ ಅವುಗಳನ್ನು ಕೊಲ್ಲಿಸಲಿಲ್ಲ. 2000ದ ಸುಮಾರಿಗೆ ಗಂಡುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಇರುವಷ್ಟು ಕಾಲ ಅನ್ನವಿಕ್ಕಿ, ಆ ಸಂತತಿ ತನ್ನ ಆಯುಷ್ಯ ಮುಗಿಸಿ ತಾನಾಗಿ ನಿಲ್ಲುವಂತೆ ವ್ಯವಸ್ಥೆ ಮಾಡಲಾಯಿತು. ಅಂಗಚ್ಛೇದದ ದೋಷ ಇಲ್ಲಿಯೂ ಇಲ್ಲದಿಲ್ಲ. ಆದರೆ ವಧೆಯ ದೋಷವಿಲ್ಲ. ಎರಡು ದೋಷಗಳ ತಾರತಮ್ಯವನ್ನರಿತು ಲಘುವಾದುದನ್ನು ಆರಿಸಿಕೊಂಡ ಈ ನಿರ್ಣಯ ಕೋಪನ್‌ಹೇಗನ್ನಿನ ವಿಜ್ಞಾನಕ್ಕಿಂತ ಒಂದು ಹೆಜ್ಜೆ ಮುಂದಿದೆ.

ಹಾಗೆಂದು ಇಲ್ಲಿನ ಆಚರಣೆಯೆಲ್ಲ ನಿರ್ದೋಷವೆಂದು ಭಾವಿಸಲಾಗದು. 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಮೈಸೂರಿಗೆ ಬಂದ ಪೋಲೊ ಎಂಬ ಗಂಡು ಗೊರಿಲ್ಲ 2014ರಲ್ಲಿ ಸಾಯುವವರೆಗೂ ಒಂಟಿಯಾಗಿಯೇ ಬದುಕಿತು. ಜೊತೆಗಾತಿಗಾಗಿ ನಡೆದ ಪ್ರಯತ್ನಗಳು ಫಲಿಸಲಿಲ್ಲ. ಗುಂಪಿನಲ್ಲಿ ಬಾಳುವುದಕ್ಕೆಂದೇ ಹುಟ್ಟಿದ ಜೀವಿಗೆ ಅನ್ನ, ಔಷಧ, ನೆರಳು ಎಲ್ಲವೂ ದೊರೆತವು. ಸಂಗ ಮಾತ್ರ ದೊರೆಯಲಿಲ್ಲ. ಅನ್ನಪಾನ ನಿರೋಧ ದೋಷವಾದರೆ ಸಹವಾಸ ನಿರೋಧ ದೋಷವಲ್ಲವೆ? 2021ರಲ್ಲಿ ಜರ್ಮನಿಯಿಂದ ಬಂದ ಥಾಬೊ ಮತ್ತು ಡೆಂಬಾ ಎರಡೂ ಗಂಡುಗಳು. ಗೊರಿಲ್ಲಗಳ ಗುಂಪಿಗೆ ಸಾಮಾನ್ಯವಾಗಿ ಒಂದೇ ಪ್ರೌಢ ಗಂಡು ಸಾಕು. ಹುಟ್ಟುವ ಗಂಡು ಹೆಣ್ಣುಗಳ ಸಂಖ್ಯೆಯಾದರೋ ಬಹುಮಟ್ಟಿಗೆ ಸಮ. ಉಳಿದ ಗಂಡುಗಳನ್ನು ಕೊಲ್ಲದೆ, ಒಂಟಿಯಾಗಿಯೂ ಇಡದೆ, ಜೊತೆಯಾಗಿ ಇರಿಸುವ ಮಾರ್ಗವಿದು. ಸಂತಾನವಿಲ್ಲದೆಯೂ ಸಾಂಗತ್ಯ ಸಾಧ್ಯವೆಂಬುದನ್ನು ಈ ಜೋಡಿ ತೋರಿಸಿದೆ. ಸಂಗವನ್ನೂ ಸಂತಾನವನ್ನೂ ಒಂದೇ ಎಂದು ತಿಳಿಯುವುದೇ ಮೃಗಾಲಯದ ಚರ್ಚೆಗಳಲ್ಲಿ ಪದೇ ಪದೇ ಕಾಣುವ ತಪ್ಪು.

ಈ ವಿವೇಕ ಮೂಗೂರಿನ ಸೀಮೆಯ ಚಿರತೆಗಳಿಗೂ ಅನ್ವಯಿಸುತ್ತದೆ. ಮನುಷ್ಯರ ಮೇಲೆರಗಿದ ಚಿರತೆಯನ್ನು ಮರಳಿ ಕಾಡಿಗೆ ಬಿಡುವಂತಿಲ್ಲ. ಮೈಸೂರಿನ ಹೊರವಲಯದ ಕೂರ್ಗಳ್ಳಿಯಲ್ಲಿ ಮೃಗಾಲಯ ನಡೆಸುವ ಪುನರ್ವಸತಿ ಕೇಂದ್ರದಂತಹ ತಾಣಗಳೇ ಇಂಥವುಗಳ ಕೊನೆಯ ನೆಲೆ. ಅಲ್ಲಿ ಮರಿ ಹುಟ್ಟಿಸಿದರೆ ಹೊರಗಿನ ಕಬ್ಬಿನ ಗದ್ದೆಗೂ ಹಿತವಿಲ್ಲ, ಒಳಗಿನ ಮರಿಗೂ ಹಿತವಿಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ಸೆರೆಯೇ ಅದರ ಬಾಳು. ಅಲ್ಲಿ ಗಂಡು ಹೆಣ್ಣುಗಳನ್ನು ಬೇರೆಯಿಡುವುದೇ ದಯೆ. ಅದೇ ಕೂರ್ಗಳ್ಳಿಯಲ್ಲಿ ಕಾಟಿಯ ಸಂರಕ್ಷಣಾ ಸಂವರ್ಧನೆಗೆ ಎಡೆ ಕಲ್ಪಿಸಲಾಗಿದೆ. ಸುತ್ತಣ ಕಾಡಿನ ಮೂಲನಿವಾಸಿಯಾದ ಆ ಪ್ರಾಣಿಯ ತಳಿಯನ್ನು ಆರೋಗ್ಯವಾಗಿ ಉಳಿಸುವುದರಲ್ಲಿ ಅರ್ಥವಿದೆ. ಒಂದೇ ಊರಿನಲ್ಲಿ ಒಂದಕ್ಕೆ ಸಂತಾನ, ಇನ್ನೊಂದಕ್ಕೆ ಸಂತಾನನಿಷೇಧ ಎಂಬುದು ಪಕ್ಷಪಾತವಾಗಿ ಕಂಡರೂ ವಾಸ್ತವವಾಗಿ ಒಂದೇ ನ್ಯಾಯದ ಎರಡು ಮುಖಗಳು: ಹುಟ್ಟುವ ಜೀವಕ್ಕೆ ನೆಲೆಯುಂಟೆ ಎಂಬುದನ್ನು ಹುಟ್ಟಿಗೆ ಮೊದಲೇ ವಿಚಾರಿಸುವುದು.

ಈಗಿನ ವ್ಯವಸ್ಥೆಯ ಮುಖ್ಯ ಕೊರತೆ ನಿಯಮದಲ್ಲಿಲ್ಲ, ಮೆಚ್ಚುಗೆಯ ಮಾನದಂಡದಲ್ಲಿದೆ. ಮರಿ ಹುಟ್ಟಿದ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ನಾಮಕರಣ ನಡೆಯುತ್ತದೆ. ಅಗತ್ಯವಿಲ್ಲದ ಹತ್ತು ಜನನಗಳನ್ನು ಜಾಗ್ರತೆಯಿಂದ ತಪ್ಪಿಸಿದ ಪ್ರಾಣಿಪಾಲಕನ ಸುದ್ದಿ ಎಲ್ಲಿಯೂ ಬರುವುದಿಲ್ಲ. ಜನನವನ್ನೇ ಯಶಸ್ಸೆಂದು ಎಣಿಸುವವರೆಗೆ ಹೆಚ್ಚುವರಿ ಪ್ರಾಣಿ, ಇಕ್ಕಟ್ಟಾದ ಆವರಣ, ಕಾಳಗ ಇವು ತಪ್ಪಿದ್ದಲ್ಲ. ಪ್ರತಿಯೊಂದು ಮರಿಗೂ ಅದರ ಪೂರ್ಣಾಯುಷ್ಯದ ಸ್ಥಳ, ಸಂಗ, ಪೋಷಣೆಗಳ ಲೆಕ್ಕವನ್ನು ಮೊದಲೇ ಬರೆದಿಟ್ಟು ಸಾರ್ವಜನಿಕರ ಮುಂದಿಡುವ ಪದ್ಧತಿ ಬೆಳೆಯಬೇಕು.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಬಸವನನ್ನು ಬಿಡುವ ರೂಢಿಯುಂಟು. ಊರ ಹಸುಗಳಿಗೆಲ್ಲ ಆ ಒಂದು ಹೋರಿಯೇ ಆಧಾರ. ಆದ್ದರಿಂದ ಅದು ಯಾರ ಹೊಲದಲ್ಲಿ ಮೇಯ್ದರೂ ಊರು ಸಹಿಸಿಕೊಳ್ಳುತ್ತದೆ, ಮುಪ್ಪಾದಾಗಲೂ ಮಾರುವುದಿಲ್ಲ. ಸಂತಾನದ ಲಾಭ ಪಡೆದವರು ಪೋಷಣೆಯ ಭಾರವನ್ನೂ ಹೊರಬೇಕೆಂಬ ಸರಳ ನ್ಯಾಯ ಅದರಲ್ಲಿ ಅಡಗಿದೆ. ಆ ಬಸವನಾದರೂ ಕಟ್ಟಿಲ್ಲದೆ ತಿರುಗುವ ಪ್ರಾಣಿ. ಕಟ್ಟಿಹಾಕಿದ ಪ್ರಾಣಿಯ ವಿಷಯದಲ್ಲಿ ಈ ಹೊಣೆ ಇಮ್ಮಡಿಯಾಗುತ್ತದೆ.