ರೈಲು ಡಬ್ಬಿಯ ಶಾಲೆ

ಎಂ.ಕೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ‘ತೊತ್ತೋ-ಚಾನ್’ ಹಿಡಿದು ಕೂತೆ. ಬೆಳಗಾವಿ ಬಸ್ಸು ಎರಡು ಹೋದವು, ಏಳಲಿಲ್ಲ. ತೆತ್ಸುಕೊ ಕುರೊಯನಾಗಿ ತನ್ನ ಬಾಲ್ಯವನ್ನೇ ಬರೆದ ಈ ಜಪಾನಿ ಪುಸ್ತಕ 1981ರದು. ಕನ್ನಡಕ್ಕೆ ತಂದವರು ವಿ. ಗಾಯತ್ರಿ. ಕಾದಂಬರಿಯಲ್ಲ, ಆದರೆ ಯಾವ ಕಾದಂಬರಿಗೂ ಕಡಿಮೆಯಿಲ್ಲ.

ಪಾಯಿಖಾನೆ ಗುಂಡಿಗೆ ಬಿದ್ದ ಪರ್ಸಿಗಾಗಿ ಹುಡುಗಿ ತೊತ್ತೋ-ಚಾನ್ ಉದ್ದ ಹಿಡಿಯ ಸೌಟಿನಿಂದ ಹೊಲಸನ್ನೆಲ್ಲ ಎತ್ತಿ ಹೊರಗೆ ಗುಡ್ಡೆ ಹಾಕುತ್ತಾಳೆ. ಆ ಕಡೆ ಬಂದ ಹೆಡ್‌ಮಾಸ್ತರ ಕೊಬಾಯಾಶಿ ಬೈಯುವುದಿಲ್ಲ, ಕೈಹಚ್ಚುವುದೂ ಇಲ್ಲ. ಕೆಲಸ ಮುಗಿದ ಮೇಲೆ ತೆಗೆದದ್ದನ್ನು ಒಳಗೆ ತುಂಬಬೇಕೆಂದಷ್ಟೇ ನೆನಪಿಸಿ ಮುಂದೆ ಹೋಗುತ್ತಾರೆ. ಪರ್ಸು ಸಿಗುವುದಿಲ್ಲ. ನಮ್ಮ ಕಾಲದ ಮಾಸ್ತರರ ಛಡಿ ನೆನಪಾಗಿ ನಕ್ಕೆ. ಪೋಲಿಯೋ ಆದ ಸಹಪಾಠಿ ಯಾಸುಆಕಿಯನ್ನು ಅವಳು ಮರ ಹತ್ತಿಸುವಲ್ಲಿ ಮಾತ್ರ ಕಣ್ಣು ಒದ್ದೆಯಾಯಿತು.

ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುತ್ತಿದ್ದ, ಅವಳು ಓದಿದ ತೊಮೊಯೆ ಶಾಲೆ 1945ರ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು.